ಅಟ್ಟದಿಂದ ಇಳಿದ ಪತ್ರಗಳು: ನೌಕಾಧಿಕಾರಿ ಅಜ್ಜನ ಯುದ್ಧಕಾಲದ ಕಾಗದಗಳಿಗೆ ಬೂಷ್ಟು ಹಿಡಿದಾಗ

ಪ್ರಶ್ನೆ: ನಾವು ವಿರಾಜಪೇಟೆ ತಾಲ್ಲೂಕಿನವರು. ನನ್ನ ಅಜ್ಜ ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಯಲ್ ಇಂಡಿಯನ್ ನೇವಿಯಲ್ಲಿ ಅಧಿಕಾರಿಯಾಗಿದ್ದರು. 1941ರಿಂದ 1946ರವರೆಗೆ ಅವರು ಹೊರದೇಶಗಳಿಂದ ಮನೆಗೆ ಬರೆದ ಸುಮಾರು 140 ಪತ್ರಗಳು ಒಂದು ತಗಡಿನ ಟ್ರಂಕಿನಲ್ಲಿವೆ. ಅಜ್ಜಿಗೂ ಅಣ್ಣನಿಗೂ ಬರೆದವು ಇಂಗ್ಲಿಷಿನಲ್ಲಿವೆ. ತಾಯಿಗೆ ಬರೆದವು ಕನ್ನಡದಲ್ಲಿವೆ, ನಡುನಡುವೆ ಕೊಡವ ತಕ್ಕ್ (ಕೊಡವ ಭಾಷೆ) ಬರುತ್ತದೆ. ಟ್ರಂಕು ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಡುಗೆಕೋಣೆಯ ಅಟ್ಟದಲ್ಲಿ 60 ವರ್ಷಕ್ಕೂ ಹೆಚ್ಚು ಕಾಲ ಏನೂ ಆಗದೆ ಇತ್ತು. ಹನ್ನೆರಡು ವರ್ಷದ ಹಿಂದೆ ಅದನ್ನು ಹೊಸ ಮನೆಗೆ ತಂದೆವು. ಈ ಮಳೆಗಾಲ ಕಳೆದು ತೆರೆದು ನೋಡಿದರೆ ಬೂಷ್ಟಿನ ವಾಸನೆ, ಕಂದು ಚುಕ್ಕೆಗಳು. ಅಂಗೈಯಗಲದ, ಫೋಟೋದಂತೆ ಹೊಳೆಯುವ ಹನ್ನೊಂದು ಪತ್ರಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಲವು ಪತ್ರಗಳಲ್ಲಿ ಕಿಟಕಿಯಂತೆ ಚೌಕವಾಗಿ ಕತ್ತರಿಸಿದ ತೂತುಗಳಿವೆ. ಅಲ್ಲಿ ಯಾವುದೋ ಹೆಂಗಸಿನ ವಿಷಯವಿತ್ತು, ಅಜ್ಜಿಯೇ ಕತ್ತರಿಸಿದಳು ಎಂಬ ಮಾತು ಮನೆಯಲ್ಲಿದೆ. 1946ರ ಫೆಬ್ರವರಿ ಮತ್ತು ಮಾರ್ಚಿನ ಪತ್ರಗಳೇ ಇಲ್ಲ; ಅಜ್ಜ ನೌಕಾ ಬಂಡಾಯದಲ್ಲಿ ಸೇರಿದ್ದರಿಂದ ಅವನ್ನು ಸುಟ್ಟರು ಎನ್ನುತ್ತಾರೆ. ಸ್ಕಾಟ್ಲೆಂಡಿನಿಂದ 1943ರಲ್ಲಿ ತಾಯಿಗೆ ಬರೆದ ಒಂದು ಪತ್ರದಲ್ಲಿ ‘ಈ ಬಾರಿ ಕಾವೇರಮ್ಮೆಯೇ ನನ್ನನ್ನು ಊರ ಕಡೆ ಹೊತ್ತು ತರುತ್ತಾಳೆ’ ಎಂದಿದೆ. ಅದರ ಅರ್ಥ ತಿಳಿದಿಲ್ಲ. ಪತ್ರಗಳನ್ನು ಲ್ಯಾಮಿನೇಟ್ ಮಾಡಿಸಲೇ? ಚಿಕ್ಕಪ್ಪನ ಮಗ ಲಕೋಟೆಗಳನ್ನು ಅಂಚೆಚೀಟಿ ಸಂಗ್ರಾಹಕರಿಗೆ ಮಾರೋಣ ಎನ್ನುತ್ತಾನೆ, ಕೆನಡಾದಲ್ಲಿರುವ ತಂಗಿ ಮೂಲಪತ್ರಗಳಲ್ಲಿ ಅರ್ಧವನ್ನು ತನಗೆ ಕಳಿಸು ಎನ್ನುತ್ತಾಳೆ, 84 ವರ್ಷದ ಸೋದರತ್ತೆ ‘ಕಾರಣವರ (ಹಿರಿಯರ) ಮನೆಯಿಂದ ಹೊರಗೆ ತಂದದ್ದೇ ತಪ್ಪು’ ಎನ್ನುತ್ತಾರೆ. ಮೊದಲು ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಗಳನ್ನು ಎರಡು ಆತಂಕಗಳಾಗಿ ಬೇರ್ಪಡಿಸಿಕೊಳ್ಳುತ್ತೇನೆ. ಕಾಗದ ಉಳಿಯುತ್ತದೆಯೇ ಎಂಬುದು ಒಂದು, ಕಾಗದದಲ್ಲಿ ಇಲ್ಲದಿರುವುದರ ಅರ್ಥವೇನು ಎಂಬುದು ಇನ್ನೊಂದು. ಎರಡನೆಯದಕ್ಕೆ ಹತ್ತು ವರ್ಷ ಬೇಕಾದರೂ ಕಾಯಬಹುದು. ಮೊದಲನೆಯದು ಮುಂದಿನ ಜೂನ್ ತಿಂಗಳವರೆಗೂ ಕಾಯುವುದಿಲ್ಲ. ಆದ್ದರಿಂದ ತೇವದಿಂದಲೇ ಆರಂಭಿಸುತ್ತೇನೆ. ಮಾರಾಟ, ಹಂಚಿಕೆ, ಲ್ಯಾಮಿನೇಷನ್ ಎಲ್ಲವನ್ನೂ ಅಲ್ಲಿಯವರೆಗೆ ನಿಲ್ಲಿಸಿಡಿ.

ನಿಮ್ಮ ಅತ್ತೆಯವರು ಹೇಳಿದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಟ್ರಂಕನ್ನು ಅಲ್ಲಿಂದ ಕದಲಿಸಿದ್ದೇ ತೊಂದರೆಯ ಮೂಲ ಎಂಬುದು ನಿಜ, ಕಾರಣವನ್ನು ಮಾತ್ರ ನಾನು ಒಲೆಯಲ್ಲಿ ಹುಡುಕುತ್ತೇನೆ. ಐನ್‌ಮನೆಯ ಅಡುಗೆಕೋಣೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸೌದೆಯ ಒಲೆ ಉರಿಯುತ್ತಿತ್ತು. ಆ ಬಿಸಿ ಮೇಲೇರಿ ಅಟ್ಟವನ್ನು ಆಟಿಯ ಮಳೆಯಲ್ಲೂ ಹೊರಗಿನ ಗಾಳಿಗಿಂತ ಬೆಚ್ಚಗೆ ಇಡುತ್ತಿತ್ತು. ಗಾಳಿ ಬೆಚ್ಚಗಾದಷ್ಟೂ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಅದು ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲನ್ನು ಹಿಡಿದಿದೆ ಎಂಬ ಅಳತೆ, ಇಳಿಯುತ್ತದೆ. ಹೊಗೆ ಹುಳುಗಳನ್ನು ದೂರ ಇಡುತ್ತದೆ. ಹೀಗೆ ಯಾರೂ ಯೋಜಿಸದೆಯೇ ನಿಮ್ಮ ಮನೆಯಲ್ಲಿ ಒಂದು ಒಣ ದಾಖಲೆಕೋಣೆ 60 ವರ್ಷ ನಡೆದಿದೆ. ಹೊಸ ಮನೆಯಲ್ಲಿ ಗ್ಯಾಸ್ ಒಲೆ, ಕಾಂಕ್ರೀಟ್ ಗೋಡೆ, ಹೊರಗೋಡೆಗೆ ತಾಗಿಸಿಟ್ಟ ತಗಡಿನ ಟ್ರಂಕು. ಮಳೆಗಾಲದ ರಾತ್ರಿ ಗೋಡೆ ತಣ್ಣಗಾಗುತ್ತದೆ, ತಗಡು ಅದಕ್ಕಿಂತ ಬೇಗ ತಣ್ಣಗಾಗುತ್ತದೆ, ಒಳಗಿನ ತೇವದ ಗಾಳಿ ತಗಡಿನ ಒಳಮೈಗೆ ಹನಿಯಾಗಿ ಕೂರುತ್ತದೆ. ಕೊಡಗಿನಲ್ಲಿ ನಾನು ನೋಡಿದ ಹಳೆಯ ಕಾಗದದ ಹಾನಿಗಳಲ್ಲಿ ಹೆಚ್ಚಿನವು ಹೀಗೆ ಒಳ್ಳೆಯ ಮನಸ್ಸಿನಿಂದ ಹೊಸ ಮನೆಗೆ ತಂದಿಟ್ಟ ಮೇಲೆ ಆದವು.

ಕಾಗದ ಗಾಳಿಯ ತೇವವನ್ನು ಹೀರುವ ವಸ್ತು ಎಂಬುದನ್ನು ಕಾಫಿ ಬೆಳೆಗಾರರಿಗೆ ವಿವರಿಸುವುದು ಸುಲಭ. ಕರಾವಳಿಯ ಗೋದಾಮಿನಲ್ಲಿ ಮಳೆಗಾಲದ ಗಾಳಿಗೆ ಹರಡಿಟ್ಟ ಕಾಫಿ ಬೀಜ ಉಬ್ಬಿ, ಬಣ್ಣ ಕಳೆದುಕೊಂಡು ಮಾನ್ಸೂನ್ಡ್ ಮಲಬಾರ್ ಆಗುತ್ತದಲ್ಲವೇ, ಅದೇ ಕೆಲಸ ನಿಮ್ಮ ಟ್ರಂಕಿನೊಳಗೆ ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪತ್ರಗಳ ಮೇಲೆ ನಡೆಯುತ್ತಿದೆ. ಆರ್ದ್ರತೆ ಶೇಕಡ 65–70ನ್ನು ದಾಟಿ ಕೆಲವು ದಿನ ನಿಂತರೆ ಕಾಗದದ ಮೇಲೆ ಮೊದಲೇ ಕುಳಿತಿರುವ ಬೂಷ್ಟಿನ ಬೀಜಕಣಗಳು ಮೊಳೆಯುತ್ತವೆ. ಕೊಡಗಿನ ಮಳೆಗಾಲದಲ್ಲಿ ಅದು ವಾರಗಟ್ಟಲೆ ಶೇಕಡ 90ರ ಆಸುಪಾಸಿನಲ್ಲಿ ನಿಲ್ಲುವುದು ಸಾಮಾನ್ಯ. ಯುದ್ಧಕಾಲದ ಕಾಗದಕ್ಕೆ ಇನ್ನೊಂದು ದೌರ್ಬಲ್ಯವೂ ಇದೆ. ಆಗ ಒಳ್ಳೆಯ ಕಾಗದ ದುರ್ಲಭವಾಗಿತ್ತು. ಅರೆದ ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಅದೂ ತಯಾರಿಕೆಯಲ್ಲಿ ಬಳಸಿದ ಆಲಮ್ ಎಂಬ ಲವಣವೂ ಸೇರಿ ಕಾಗದವನ್ನು ಒಳಗಿನಿಂದಲೇ ಹುಳಿಯಾಗಿಸುತ್ತವೆ. ತೇವ ಈ ಹುಳಿಯನ್ನು ಚುರುಕುಗೊಳಿಸುತ್ತದೆ.

ಈಗ ಕೆಲಸದ ಮಾತು. ಟ್ರಂಕನ್ನು ಗೋಡೆಯಿಂದ ದೂರ, ಮಹಡಿಯ ಒಳಕೋಣೆಯಲ್ಲಿ, ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ ಇಡಿ. ಮುಚ್ಚಳ ಸ್ವಲ್ಪ ತೆರೆದಿರಲಿ, ಕೋಣೆಯಲ್ಲಿ ಫ್ಯಾನ್ ತಿರುಗಲಿ, ಆದರೆ ಅದರ ಗಾಳಿ ನೇರವಾಗಿ ಪತ್ರಗಳ ಮೇಲೆ ಬೀಸದಿರಲಿ. ಕಾಫಿ ಮತ್ತು ಮೆಣಸು ಒಣಗಿಸುವ ಕಣಕ್ಕೆ ಪತ್ರಗಳನ್ನು ದಯವಿಟ್ಟು ಒಯ್ಯಬೇಡಿ. ಬಿಸಿಲು ಬೂಷ್ಟನ್ನು ತಡೆಯುತ್ತದೆ ಎಂಬುದು ನಿಜವಾದರೂ ಅದರಲ್ಲಿರುವ ನೇರಳಾತೀತ ಕಿರಣ ಕಾಗದವನ್ನು ಹಳದಿಯಾಗಿಸಿ ಶಾಯಿಯನ್ನು ಮಾಸಿಸುತ್ತದೆ. ಒಂದು ಮಧ್ಯಾಹ್ನದ ಬಿಸಿಲಿನಿಂದ ಏನಾದೀತು ಎನ್ನಬೇಡಿ. ಆ ಕಾಲದ ತೊಳೆಯಬಹುದಾದ ನೀಲಿ ಶಾಯಿ ಬೆಳಕಿಗೆ ಬಹಳ ದುರ್ಬಲ.

ಬೂಷ್ಟು ಸಂಪೂರ್ಣ ಒಣಗಿ ಪುಡಿಯಾದ ಮೇಲಷ್ಟೇ ಅದನ್ನು ತೆಗೆಯಬೇಕು. ಹಸಿಯಿದ್ದಾಗ ಉಜ್ಜಿದರೆ ಕಾಗದದ ಎಳೆಯೊಳಗೆ ಇಳಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ಒಣಹವೆಯ ಒಂದು ದಿನ ಜಗಲಿಯ ನೆರಳಿನಲ್ಲಿ, ಎನ್-95 ಮುಖಗವಸು ಮತ್ತು ಕೈಗವಸು ಹಾಕಿಕೊಂಡು, ಮೆತ್ತನೆಯ ಚಪ್ಪಟೆ ಕುಂಚದಿಂದ ನಿಮ್ಮಿಂದ ಆಚೆಗೆ, ಒಂದೇ ದಿಕ್ಕಿಗೆ, ಹಗುರವಾಗಿ ಗುಡಿಸಿ. ಮನೆಯಲ್ಲಿ ಉಬ್ಬಸ ಇರುವವರು ಈ ಕೆಲಸಕ್ಕೆ ಕೂರಬಾರದು, ಅತ್ತೆಯವರನ್ನೂ ಆ ದಿನ ಒಳಗೇ ಇರಿಸಿ. ಒದ್ದೆ ಬಟ್ಟೆ, ಡೆಟಾಲ್, ಸ್ಯಾನಿಟೈಜರ್, ಬ್ಲೀಚ್ ಯಾವುದೂ ಬೇಡ. ಕಂದು ಚುಕ್ಕೆಗಳು ಕಲೆಗಳಷ್ಟೇ. ಅವು ಹೋಗುವುದಿಲ್ಲ, ಹೋಗಲೇಬೇಕೆಂದೂ ಇಲ್ಲ. ನುಸಿಗುಳಿಗೆ ಹುಳುವನ್ನು ಓಡಿಸಬಹುದು, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ, ಅದರ ಆವಿ ಮನುಷ್ಯರಿಗೂ ಒಳ್ಳೆಯದಲ್ಲ. ಹಿಂದಿನವರು ತಾಳೆಗರಿ ಕಟ್ಟಿನ ಜತೆ ಇಡುತ್ತಿದ್ದ ಬಜೆಯ ಗಂಟನ್ನು ಪತ್ರಕ್ಕೆ ತಾಗದಂತೆ ಇಟ್ಟರೆ ಹಾನಿಯಿಲ್ಲ.

ನೀರಿನ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಈ ವೃತ್ತಿಗೆ ಬಂದ ಹೊಸದರಲ್ಲಿ ಒಬ್ಬ ಸೈನಿಕನ ಪತ್ರದ ಕೊಳೆಯನ್ನು ತೆಗೆಯಲು ಶಾಯಿಯ ಒಂದು ಮೂಲೆಯನ್ನು ಮಾತ್ರ ಪರೀಕ್ಷಿಸಿ, ಉಳಿದುದೂ ಅದೇ ಎಂದು ನಂಬಿ ತೇವ ತಾಗಿಸಿದೆ. ಕೊನೆಯ ಎರಡು ಸಾಲು ಸೀಸದಕಡ್ಡಿಯಂತೆ ಬೂದಾಗಿ ಕಾಣುತ್ತಿದ್ದವು. ಅದು ಕಾಪಿಯಿಂಗ್ ಪೆನ್ಸಿಲ್ ಆಗಿತ್ತು: ಗ್ರಾಫೈಟಿನ ಜತೆ ನೇರಳೆ ಬಣ್ಣದ ರಾಸಾಯನಿಕ ಬೆರೆಸಿದ, ಯುದ್ಧಕಾಲದಲ್ಲಿ ಧಾರಾಳವಾಗಿ ಬಳಸುತ್ತಿದ್ದ ಕಡ್ಡಿ. ಒಂದು ಹನಿ ತೇವ ಸಾಕಾಯಿತು, ಆ ಎರಡು ಸಾಲು ನೇರಳೆ ಮೋಡವಾಗಿ ಹರಡಿದವು. ಅವುಗಳಲ್ಲಿ ಒಂದು ಮಗುವಿನ ಹೆಸರಿತ್ತು. ನಿಮ್ಮ ಅಜ್ಜನ ಪತ್ರಗಳಲ್ಲಿ ಪೆನ್ಸಿಲಿನಂತೆ ಕಾಣುವ ಯಾವ ಬರಹವನ್ನೂ ಬೆರಳಿಗೆ ಉಗುಳು ಹಚ್ಚಿ ತಿರುವಬೇಡಿ.

ಇನ್ನು ಶೇಖರಣೆ. ಪತ್ರಗಳನ್ನು ಪೆಟ್ಟಿಗೆಗೆ ಸೇರಿಸುವುದಕ್ಕೆ ಕೊಡಗಿನಲ್ಲಿ ಸರಿಯಾದ ಕಾಲ ಜನವರಿ ಕೊನೆಯಿಂದ, ಕಾಫಿ ಗಿಡ ಹೂಬಿಡಲು ಕಾರಣವಾಗುವ ಹೂಮಳೆ ಬೀಳುವ ಮೊದಲಿನ ದಿನಗಳು. ಆಗ ಕಾಗದ ತಾನಾಗಿಯೇ ಒಣಹವೆಗೆ ಹೊಂದಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ, ರಬ್ಬರ್ ಅಂಚಿರುವ ಗಾಳಿಯಾಡದ ದೊಡ್ಡ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಮುಚ್ಚಿದರೆ ಜೂನ್ ತಿಂಗಳಿಗೆ ನೀವು ಒಣಹವೆಯನ್ನೇ ಡಬ್ಬಿಯಲ್ಲಿ ಕೂಡಿಟ್ಟ ಹಾಗೆ. ಅದರಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್‌ನ ಕೆಲವು ಚೀಲ ಮತ್ತು ಒಂದು ಸಣ್ಣ ಡಿಜಿಟಲ್ ಆರ್ದ್ರತಾಮಾಪಕ ಇರಲಿ. ಮಾಪಕ ಶೇಕಡ 45–55ರ ನಡುವೆ ನಿಲ್ಲಬೇಕು. ಅದು 60ನ್ನು ದಾಟಿದರೆ ಜೆಲ್ ಅನ್ನು ಒಲೆಯಲ್ಲಿ ಒಣಗಿಸಿ ಮತ್ತೆ ಇಡಿ. 35ಕ್ಕಿಂತ ಇಳಿದರೆ ಜೆಲ್ ಕಡಿಮೆ ಮಾಡಿ, ಏಕೆಂದರೆ ಅತಿ ಒಣಗಿದ ಹಳೆಯ ಕಾಗದ ಮಡಿಕೆಯಲ್ಲಿ ಮುರಿಯುತ್ತದೆ. ಈ ವಿಧಾನದ ಅಪಾಯ ಒಂದೇ, ಆದರೆ ಗಂಭೀರವಾದದ್ದು: ತೇವ ಇರುವಾಗಲೇ ಮುಚ್ಚಿದರೆ ಡಬ್ಬಿ ಬೂಷ್ಟು ಬೆಳೆಸುವ ಕೋಣೆಯಾಗುತ್ತದೆ. ಆದ್ದರಿಂದ ಅವಸರದಲ್ಲಿ ನಾಳೆಯೇ ಡಬ್ಬಿ ತಂದು ಮುಚ್ಚಬೇಡಿ. ಪ್ರತಿ ಪತ್ರವೂ ತನ್ನ ಲಕೋಟೆಯ ಜತೆ ಆಮ್ಲರಹಿತ ಕಾಗದದ ಒಂದು ಮಡಿಕೆಯಲ್ಲಿರಲಿ. ಅಂಗಡಿಯ ಪಿವಿಸಿ ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು, ಗುಂಡುಸೂಜಿ, ಸೆಲ್ಲೋಟೇಪು ಬೇಡ.

ಲ್ಯಾಮಿನೇಷನ್ ಬಗ್ಗೆ ಒಂದೇ ಮಾತು: ಬೇಡ. ಬಿಸಿಯಲ್ಲಿ ಕರಗಿ ಅಂಟಿದ ಪ್ಲಾಸ್ಟಿಕನ್ನು ಕಾಗದ ಹರಿಯದಂತೆ ಮತ್ತೆ ಬಿಡಿಸಲಾಗುವುದಿಲ್ಲ, ಹುಳಿ ಒಳಗೇ ಉಳಿಯುತ್ತದೆ, ಕಾಗದ ಒಳಗೇ ಕಂದಾಗುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೇ ಒಂದು ಕಾಲದಲ್ಲಿ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಅಸಿಟೋನಿನಿಂದ ಅಂಟಿಸುವ ವಿಧಾನ ರೂಢಿಯಲ್ಲಿತ್ತು. ಇಂದು ನಮ್ಮ ವೃತ್ತಿಯವರು ಹರಿದ ಕಡೆ ಮಾತ್ರ ತೆಳುವಾದ ಜಪಾನಿ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚುತ್ತಾರೆ. ಅದನ್ನು ಬೇಕೆಂದಾಗ ಬಿಡಿಸಬಹುದು.

ಅಂಟಿಕೊಂಡಿರುವ ಹನ್ನೊಂದು ಪುಟ್ಟ ಪತ್ರಗಳು ಏರ್‌ಗ್ರಾಫ್‌ಗಳು ಎಂದು ನಿಮ್ಮ ವಿವರಣೆಯಿಂದ ತಿಳಿಯುತ್ತದೆ. ಬರೆಯುವವನು ಒಂದು ಅಚ್ಚಾದ ನಮೂನೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತಿದ್ದ. ಅಂಚೆಯವರು ಅದರ ಚಿತ್ರವನ್ನು 16 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದು, ಸಾವಿರಾರು ಪತ್ರಗಳನ್ನು ಹಗುರವಾದ ಸುರುಳಿಗಳಾಗಿ ವಿಮಾನದಲ್ಲಿ ಕಳಿಸಿ, ತಲುಪಿದ ಊರಿನಲ್ಲಿ ಸುಮಾರು 13 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಫೋಟೋ ಕಾಗದದ ಮೇಲೆ ಮುದ್ರಿಸಿ ಹಂಚುತ್ತಿದ್ದರು. ಈ ಸೇವೆ 1941ರಲ್ಲಿ ಮಧ್ಯಪ್ರಾಚ್ಯದಿಂದ ಬ್ರಿಟನ್ನಿಗೆ ಆರಂಭವಾಗಿ, ಬಳಿಕ ಭಾರತಕ್ಕೂ ವಿಸ್ತರಿಸಿ, 1945ರಲ್ಲಿ ನಿಂತಿತು. ಹಾಗಾಗಿ ಇವು ಫೋಟೋಗಳೇ ಸರಿ. ಅವುಗಳ ಮೇಲ್ಪದರ ಜೆಲಟಿನ್, ಅದು ತೇವಕ್ಕೆ ಅಂಟಾಗಿ ಒಣಗಿದಾಗ ಗಟ್ಟಿಯಾಗಿ ಹಿಡಿದುಕೊಂಡಿದೆ. ಒಣಗಿದ್ದಾಗ ಎಳೆದರೆ ಒಂದರ ಅಕ್ಷರಗಳು ಕಿತ್ತು ಇನ್ನೊಂದರ ಬೆನ್ನಿಗೆ ಹೋಗುತ್ತವೆ. ಮೂಲ ನಮೂನೆಗಳು ಮನೆಗೆ ಬರುತ್ತಿರಲಿಲ್ಲ, ಫಿಲ್ಮೂ ಈಗ ಸಿಗುವುದಿಲ್ಲ. ಆದ್ದರಿಂದ ಅವುಗಳಿಗೆ ನೀವು ಕೈಹಾಕಬೇಡಿ.

ಈಗ ಕಿಟಕಿಗಳಿಗೆ ಬರೋಣ. ನಿಮ್ಮ ಮನೆಯಲ್ಲಿ ಎಂಬತ್ತು ವರ್ಷ ಓಡಾಡಿರುವ ಮಾತು ಇದರ ಸುತ್ತಲೇ ಇದೆ. ಯುದ್ಧನೌಕೆಯಿಂದ ಹೊರಡುವ ಪತ್ರದಲ್ಲಿ ಹಡಗು ಎಲ್ಲಿದೆ, ಯಾವ ಬಂದರಿನಿಂದ ಬಂತು, ಎಲ್ಲಿಗೆ ಹೋಗುತ್ತದೆ, ಜತೆಗೆ ಯಾವ ಹಡಗುಗಳಿವೆ, ಏನು ಪೆಟ್ಟಾಯಿತು ಎಂಬುದನ್ನು ಬರೆಯುವಂತಿರಲಿಲ್ಲ. ನಾವಿಕರ ಪತ್ರಗಳನ್ನು ಅದೇ ಹಡಗಿನ ಅಧಿಕಾರಿಗಳು ಓದಿ ಮುದ್ರೆ ಒತ್ತುತ್ತಿದ್ದರು. ಅಧಿಕಾರಿಯ ಪತ್ರವನ್ನು ಹಡಗಿನಲ್ಲಿ ಸಾಮಾನ್ಯವಾಗಿ ಬೇರೆಯವರು ಓದುತ್ತಿರಲಿಲ್ಲ. ನಿಯಮ ಮೀರಿಲ್ಲ ಎಂದು ಅವನೇ ಲಕೋಟೆಯ ಮೇಲೆ ಸಹಿ ಮಾಡುತ್ತಿದ್ದ. ಆದರೆ ದಡದ ಸೆನ್ಸಾರ್ ಕಚೇರಿ ಅಂಥ ಲಕೋಟೆಗಳಲ್ಲೂ ಕೆಲವನ್ನು ಆರಿಸಿ ತೆರೆಯುತ್ತಿತ್ತು. ತೆರೆದ ಅಂಚಿಗೆ ‘ಪರೀಕ್ಷಕರು ತೆರೆದದ್ದು’ ಎಂಬ ಅರ್ಥದ ಇಂಗ್ಲಿಷ್ ಮುದ್ರಿತ ಪಟ್ಟಿಯನ್ನು ಅಂಟಿಸುತ್ತಿದ್ದರು. ನಿಮ್ಮ ಲಕೋಟೆಗಳನ್ನು ಹಾಗೆ ನೋಡಿ. ಕಿಟಕಿಯಿರುವ ಪತ್ರದ ಲಕೋಟೆಗೆ ಆ ಪಟ್ಟಿಯೋ ಸೆನ್ಸಾರ್ ಮುದ್ರೆಯೋ ಇದ್ದರೆ ಅಜ್ಜಿಯ ಮೇಲಿನ ಆರೋಪ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಕತ್ತರಿಸಿದ ಜಾಗವೂ ಮಾತಾಡುತ್ತದೆ. ತೂತಿನ ಹಿಂದುಮುಂದಿನ ಸಾಲುಗಳನ್ನು ಓದಿ, ‘ನಾವು... ತಲುಪಿದ ಮೇಲೆ’, ‘ಇಲ್ಲಿಂದ ... ದಿನ’ ಎಂಬಂಥ ವಾಕ್ಯದ ನಡುವೆ ತೂತಿದ್ದರೆ ಅಲ್ಲಿ ಒಂದು ಬಂದರಿನ ಹೆಸರಿತ್ತು. ಬ್ಲೇಡು ಹಾಳೆಯ ಎರಡೂ ಬದಿಯನ್ನು ಕತ್ತರಿಸುವುದರಿಂದ ಹಿಂಬದಿಯ ನಿರಪರಾಧಿ ವಾಕ್ಯವೂ ಹೋಗಿರುತ್ತದೆ ಎಂಬುದನ್ನು ಮರೆಯಬೇಡಿ. ಒಂದು ಮನೆಯವರು ಹಿಂಬದಿಯ ಅರೆವಾಕ್ಯವನ್ನೇ ಓದಿ ಮೂರು ತಲೆಮಾರು ಜಗಳವಾಡಿದ್ದನ್ನು ನಾನು ಬಲ್ಲೆ. ಲಕೋಟೆಯ ಬಲ ಮೇಲ್ಮೂಲೆ ಹೋಗಿದ್ದರೆ ಅದು ಅಂಚೆಚೀಟಿ ಕೂಡಿಡುತ್ತಿದ್ದ ಯಾವುದೋ ಹುಡುಗನ ಕೆಲಸ. ಅಂಚು ಅಂಕುಡೊಂಕಾಗಿ, ಮೇಲ್ಮೈ ಮಾತ್ರ ಕೆರೆದಂತಿದ್ದರೆ ಅದು ಬೆಳ್ಳಿಮೀನು ಹುಳು. ಅಕ್ಷರದ ಗೆರೆಯನ್ನೇ ಅನುಸರಿಸಿ ಕಾಗದ ಸುಟ್ಟಂತೆ ಬಿರುಕುಬಿಟ್ಟಿದ್ದರೆ ಅದು ಕಬ್ಬಿಣದಂಶವಿರುವ ನೀಲಿಗಪ್ಪು ಶಾಯಿಯ ಹುಳಿ. ಬ್ಲೇಡು ಹಿಡಿದದ್ದು ಯಾರ ಕೈ ಎಂದು ಅಂಚನ್ನು ಮಾತ್ರ ನೋಡಿ ಹೇಳಲು ಯಾವ ತಜ್ಞನಿಗೂ ಆಗುವುದಿಲ್ಲ. ನಿಮ್ಮ ಅಜ್ಜಿ ಎಲ್ಲೋ ಒಂದು ಸಾಲನ್ನು ತನಗಾಗಿ ಕತ್ತರಿಸಿಟ್ಟುಕೊಂಡಿರಲೂಬಹುದು. ಆದರೆ 140 ಪತ್ರಗಳಲ್ಲಿ ಊರು, ದಿನಾಂಕ, ಹಡಗಿನ ಜಾಗಗಳೇ ಹೋಗಿದ್ದರೆ ಅದು ಮತ್ಸರದ ಕತ್ತರಿಯಲ್ಲ. ಆ ತೂತುಗಳಿಗೆ ಹಿಂದಿನಿಂದ ಕಾಗದ ಹಚ್ಚಿ ಮುಚ್ಚಬೇಡಿ. ಸೆನ್ಸಾರ್ ಪಟ್ಟಿಯನ್ನೂ ಕೀಳಬೇಡಿ.

ಕಾವೇರಮ್ಮೆಯ ವಾಕ್ಯ ನನಗೆ ಬಹಳ ಹಿಡಿಸಿತು. 1934ರ ಅಕ್ಟೋಬರಿನಲ್ಲಿ ರಾಯಲ್ ಇಂಡಿಯನ್ ಮರೀನ್ ಎಂಬ ಪಡೆ ರಾಯಲ್ ಇಂಡಿಯನ್ ನೇವಿ ಆಯಿತು. ಯುದ್ಧಕಾಲದಲ್ಲಿ ಅದಕ್ಕಾಗಿ ಬ್ರಿಟನ್ನಿನಲ್ಲಿ ಕಟ್ಟಿದ ಸ್ಲೂಪ್ ವರ್ಗದ ಬೆಂಗಾವಲು ನೌಕೆಗಳಿಗೆ ನಮ್ಮ ನದಿಗಳ ಹೆಸರಿಟ್ಟರು: ಸಟ್ಲೆಜ್, ಜಮ್ನಾ, ನರ್ಮದಾ, ಗೋದಾವರಿ, ಕಿಸ್ಟ್ನಾ (ಕೃಷ್ಣಾ), ಕಾವೇರಿ. ಈ ಕೊನೆಯ ಹಡಗು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ‘ಯಾರೋ’ (Yarrow) ಎಂಬ ಹೆಸರಿನ ಕಂಪನಿಯ ಹಡಗುಕಟ್ಟೆಯಲ್ಲಿ ತಯಾರಾಗಿ 1943ರಲ್ಲಿ ನೀರಿಗಿಳಿದು ಅದೇ ವರ್ಷ ಸೇವೆಗೆ ಸೇರಿತು. ಹಡಗು ಪೂರ್ತಿಯಾಗುವ ಮೊದಲೇ ಅದರ ಅಧಿಕಾರಿಗಳು ಕೆಲವರು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇರುವುದು ವಾಡಿಕೆ. ಹಾಗಾದರೆ ನಿಮ್ಮ ಅಜ್ಜ ಒಂದೇ ವಾಕ್ಯದಲ್ಲಿ ತನ್ನ ಹಡಗಿನ ಹೆಸರನ್ನೂ ಅದು ಪೂರ್ವಕ್ಕೆ ಹೊರಡಲಿರುವುದನ್ನೂ ತಾಯಿಗೆ ಹೇಳಿಬಿಟ್ಟಿದ್ದಾರೆ. ತಲಕಾವೇರಿಗೆ ಕೈಮುಗಿಯುವ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಅದು ಹೊಳೆಯದು. ಸೆನ್ಸಾರ್ ಅದನ್ನು ಭಕ್ತಿಯ ಮಾತೆಂದು ಬಿಟ್ಟಿರಬೇಕು. ಇದು ನನ್ನ ಊಹೆ, ಪುರಾವೆಯಲ್ಲ. ಕಿಸ್ಟ್ನಾ ಕೂಡ ಅದೇ ಕಟ್ಟೆಯಲ್ಲಿ ಅದೇ ವರ್ಷ ತಯಾರಾದದ್ದು. ಅಜ್ಜ ಅದರಲ್ಲಿದ್ದು, ಈ ಮಾತನ್ನು ಬರೀ ಪ್ರಾರ್ಥನೆಯಾಗಿ ಬರೆದಿರಲೂ ಸಾಧ್ಯ. ಖಚಿತಪಡಿಸಿಕೊಳ್ಳಲು ಅವರ ಸೇವಾ ವಿವರ ಬೇಕು. ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೂ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗಕ್ಕೂ ಬರೆಯಿರಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲೂ ಈ ಪಡೆಗೆ ಸಂಬಂಧಿಸಿದ ಕಡತಗಳಿವೆ. ಆ ನೌಕೆ ಮುಂದೆ ಸ್ವತಂತ್ರ ಭಾರತದ ನೌಕಾಪಡೆಯಲ್ಲೂ ಕಾವೇರಿ ಎಂಬ ಹೆಸರಿನಿಂದಲೇ ಇತ್ತು.

ದಿನಾಂಕವಿಲ್ಲದ ಪತ್ರಗಳನ್ನು ಜೋಡಿಸುವಾಗ ಅಂಚೆಮುದ್ರೆಯನ್ನು ಮಾತ್ರ ನಂಬಬೇಡಿ. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದ ಮೇಲೆ 1943ರವರೆಗೆ ಮೆಡಿಟರೇನಿಯನ್ ದಾರಿ ಸಾಮಾನ್ಯ ಹಡಗುಗಳಿಗೆ ಬಹುಪಾಲು ಮುಚ್ಚಿತ್ತು. ಬ್ರಿಟನ್ನಿನ ಸಾಮಾನ್ಯ ಅಂಚೆ ಆಫ್ರಿಕದ ತುದಿಯನ್ನು ಸುತ್ತಿ ಬರಬೇಕಾಗಿ ತಿಂಗಳುಗಳೇ ಹಿಡಿಯುತ್ತಿದ್ದವು. ಹೊರಟ ಕ್ರಮದಲ್ಲಿಯೇ ತಲುಪುತ್ತವೆಂಬ ಭರವಸೆಯಿರಲಿಲ್ಲ, ಹಡಗು ಮುಳುಗಿದರೆ ಚೀಲವೂ ಮುಳುಗುತ್ತಿತ್ತು. ಅದಕ್ಕಾಗಿ ಹಲವರು ಪತ್ರಗಳಿಗೆ ತಾವೇ ಕ್ರಮಸಂಖ್ಯೆ ಹಾಕುತ್ತಿದ್ದರು. ಮೇಲ್ಮೂಲೆಯಲ್ಲಿ ಒಂಟಿ ಅಂಕಿಯಿದೆಯೇ ನೋಡಿ. ಅದಿಲ್ಲದಿದ್ದರೆ ಊರಿನ ಪಂಚಾಂಗವೇ, ಅಂದರೆ ಸುಗ್ಗಿಯ ಹಬ್ಬ ಪುತ್ತರಿ, ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಂತಾದವು, ಸಹಾಯ ಮಾಡುತ್ತದೆ: ‘ಪುತ್ತರಿಗೆ ಕದಿರು ತೆಗೆದಿರಾ’, ‘ಹೂಮಳೆ ಬಿತ್ತೇ’, ‘ಕೈಲ್‌ಪೊಳ್ದ್‌ಗೆ ಯಾರು ಬಂದಿದ್ದರು’ ಎಂಬ ಒಂದು ಪ್ರಶ್ನೆ ತಿಂಗಳನ್ನು ಹೇಳುತ್ತದೆ. ಪುತ್ತರಿ ರೋಹಿಣಿ ನಕ್ಷತ್ರ ಮತ್ತು ಹುಣ್ಣಿಮೆಗೆ ಹೊಂದಿ ಬರುವುದರಿಂದ ಹಳೆಯ ಪಂಚಾಂಗ ಹಿಡಿದು ದಿನದ ಹತ್ತಿರಕ್ಕೂ ಹೋಗಬಹುದು. ಕಾಫಿಯ ಬೆಲೆಯ ಚಿಂತೆಯೂ ಗುರುತೇ. ಯೂರೋಪಿನ ಮಾರುಕಟ್ಟೆ ಮುಚ್ಚಿ, 1942ರ ಕಾಯಿದೆಯಿಂದ ಕಾಫಿ ಮಾರಾಟ ಮಂಡಳಿಯ ಕೈಗೆ ಹೋದ ಕಾಲ ಅದು.

1946ರ ಖಾಲಿ ತಿಂಗಳುಗಳಿಂದ ಏನನ್ನೂ ತೀರ್ಮಾನಿಸಲಾಗದು. ಬಂಡಾಯ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ನೆಲೆಯಲ್ಲಿ ಆರಂಭವಾಗಿ, ಕರಾಚಿ ಮೊದಲಾದ ಕಡೆಗೆ ಹಬ್ಬಿ, ಆರನೆಯ ದಿನಕ್ಕೆ ಮುಗಿಯಿತು. ಅದು ನಾವಿಕರು ಅಧಿಕಾರಿವರ್ಗದ ನಡವಳಿಕೆಯ ವಿರುದ್ಧ ಎದ್ದದ್ದು. ನಿಮ್ಮ ಅಜ್ಜ ಆ ಹೊತ್ತಿಗೆ ರಜೆಯಲ್ಲಿ ಊರಿನಲ್ಲೇ ಇದ್ದಿರಲೂಬಹುದು. ಮನೆಯಲ್ಲಿರುವವನು ಮನೆಗೆ ಪತ್ರ ಬರೆಯುವುದಿಲ್ಲ.

ಇನ್ನು ಕುಟುಂಬದ ಜಗಳ. ಪತ್ರದ ಕಾಗದ ಅದನ್ನು ಪಡೆದವರದು, ಅವರ ನಂತರ ಅವರ ವಾರಸುದಾರರದು. ಬರಹದ ಹಕ್ಕುಸ್ವಾಮ್ಯ ಬರೆದವರ ವಾರಸುದಾರರದು. ನಿಮ್ಮಲ್ಲಿ ಅಣ್ಣನಿಗೆ ಬರೆದವು ಅಣ್ಣನ ಶಾಖೆಗೆ ಸೇರುತ್ತವೆ ಎಂದು ಯಾರಾದರೂ ವಾದಿಸಿದರೆ ಅದರಲ್ಲಿ ಹುರುಳಿದೆ, ಆದರೆ ಪುಸ್ತಕವಾಗಿ ಅಚ್ಚು ಹಾಕಲು ಅಜ್ಜನ ವಾರಸುದಾರರ ಒಪ್ಪಿಗೆಯೇ ಬೇಕು. ಕೆನಡಾದ ತಂಗಿಗೆ ಮೂಲ ಕಳಿಸುವುದು ಅಪಾಯಕರ. 1972ರ ಪುರಾತನ ವಸ್ತುಗಳ ಕಾಯಿದೆಯಲ್ಲಿ ಐತಿಹಾಸಿಕ ಮೌಲ್ಯವುಳ್ಳ, 75 ವರ್ಷ ದಾಟಿದ ಕೈಬರಹ ಮತ್ತು ದಾಖಲೆಗಳೂ ಪುರಾತನ ವಸ್ತುಗಳೇ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಪತ್ರಗಳೆಲ್ಲವೂ ಆ ವಯಸ್ಸನ್ನು ದಾಟಿವೆ. ಅವಳಿಗೆ ಒಳ್ಳೆಯ ಡಿಜಿಟಲ್ ಪ್ರತಿ ಕಳಿಸಿ: ಸಮತಟ್ಟು ಸ್ಕ್ಯಾನರಿನಲ್ಲಿ 400 ಡಿಪಿಐ, ಬಣ್ಣದಲ್ಲಿ, ಹಾಳೆಯ ಎರಡೂ ಬದಿ, ಖಾಲಿ ಬೆನ್ನೂ ಸೇರಿ, ಲಕೋಟೆಯ ಹಿಂದುಮುಂದೂ ಸೇರಿ. ಹಾಳೆಯನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರ್ ಬೇಡ. ಸೈನಿಕ ಗುಟ್ಟು ಹೊರಬೀಳುತ್ತದೆಂಬ ಭಯವಿದ್ದರೆ ಅದನ್ನೂ ಬಿಡಿ; ಆ ಹಡಗುಗಳ ಓಡಾಟ ಎಂದೋ ಚರಿತ್ರೆಯ ಪುಸ್ತಕ ಸೇರಿದೆ.

ಲಕೋಟೆ ಮಾರುವುದಕ್ಕೆ ನಾನು ವಿರೋಧಿ ಎಂದು ನೇರವಾಗಿ ಹೇಳುತ್ತೇನೆ, ಕಾರಣ ಭಾವುಕತೆಯಲ್ಲ. ಮುದ್ರೆ, ಪಟ್ಟಿ, ವಿಳಾಸ, ಬಂದ ದಿನಾಂಕ ಎಲ್ಲವೂ ಲಕೋಟೆಯ ಮೇಲಿವೆ. ಅದು ಹೋದರೆ ಮೇಲೆ ಹೇಳಿದ ಯಾವ ಪರೀಕ್ಷೆಯನ್ನೂ ಮಾಡಲಾಗದು, ಅಜ್ಜಿಯ ಪರವಾದ ಸಾಕ್ಷಿಯೂ ಹೋಗುತ್ತದೆ. ನಿಮ್ಮ ಸೋದರಬಂಧುವಿಗೆ ಹಣದ ಅಗತ್ಯವಿದ್ದರೆ ಆ ಮಾತನ್ನು ಪತ್ರಗಳಿಂದ ಬೇರೆಯಾಗಿ ಮನೆಯಲ್ಲಿ ಆಡಿಕೊಳ್ಳುವುದು ಮೇಲು.

ಇಡುವ ಜಾಗದ ವಿಷಯದಲ್ಲಿ ನಿಮಗೆ ಮೂರು ದಾರಿಗಳಿವೆ. ಮನೆಯಲ್ಲೇ ಇಡಬಹುದು, ಆದರೆ ಪ್ರತಿ ಮಳೆಗಾಲ ಮಾಪಕ ನೋಡುವ ಒಬ್ಬರು ಬೇಕು, ಅವರ ನಂತರ ಇನ್ನೊಬ್ಬರು ಬೇಕು. ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಂಥ ಸಂಸ್ಥೆಯನ್ನು ಕೇಳಬಹುದು. ಅಲ್ಲಿ ಇಡೀ ಸಂಗ್ರಹ ಒಟ್ಟಿಗಿರುತ್ತದೆ, ಆದರೆ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ಕಷ್ಟ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಊರಿನ ಜನ ನೋಡುವ ಜಾಗ; ಆದರೆ ಎಲ್ಲಿಯೇ ಆಗಲಿ ಗಾಜಿನ ಪೆಟ್ಟಿಗೆಯಲ್ಲಿ ವರ್ಷವಿಡೀ ಬೆಳಕಿಗೆ ಇಟ್ಟ ಪತ್ರ ಮಾಸುತ್ತದೆ, ಹಾಗಾಗಿ ಪ್ರದರ್ಶನಕ್ಕೆ ಪ್ರತಿಯನ್ನೇ ಇಡಬೇಕೆಂದು ಕೇಳಿ. ಯಾರಿಗೆ ಕೊಟ್ಟರೂ ಬರಹದಲ್ಲಿ ಕರಾರು ಮಾಡಿಕೊಳ್ಳಿ: ಸಂಗ್ರಹವನ್ನು ಒಡೆಯಬಾರದು, ಅಜ್ಜಿಗೆ ಬರೆದ ಖಾಸಗಿ ಪತ್ರಗಳನ್ನು ಇಂತಿಷ್ಟು ವರ್ಷ ತೆರೆಯಬಾರದು, ಕುಟುಂಬಕ್ಕೆ ಪ್ರತಿ ಸಿಗಬೇಕು. ನನ್ನನ್ನು ಕೇಳಿದರೆ ಐದು ವರ್ಷ ಮನೆಯಲ್ಲಿಟ್ಟು, ಓದಿ, ಪ್ರತಿ ಮಾಡಿ, ಆಮೇಲೆ ಕೊಡಿ ಎನ್ನುತ್ತೇನೆ.

ಏಕೆಂದರೆ ಆ ಐದು ವರ್ಷದಲ್ಲಿ ಆಗಬೇಕಾದ ಕೆಲಸ ನಿಮ್ಮ ಮನೆಯಲ್ಲಿ ಮಾತ್ರ ಆಗುವಂಥದು. ಅತ್ತೆಯವರಿಗೆ 84 ಎಂದರೆ ಈ ಪತ್ರಗಳಲ್ಲಿ ಬರುವ ಮಗು ಅವರೇ ಇರಬೇಕು. ಪತ್ರಗಳನ್ನು ಅವರಿಗೆ ಗಟ್ಟಿಯಾಗಿ ಓದಿ, ಅವರು ಹೇಳುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಮುದ್ದಿನ ಹೆಸರು ಯಾರದು, ‘ಮೇಲಿನ ಗದ್ದೆ’ ಯಾವುದು, ಕೊಡವ ತಕ್ಕ್‌ನ ಯಾವ ಮಾತನ್ನು ಈಗ ಯಾರೂ ಆಡುವುದಿಲ್ಲ ಎಂಬುದು ಯಾವ ಪತ್ರಾಗಾರಕ್ಕೂ ತಿಳಿಯದು. ನಕಲು ಬರೆಯುವಾಗ ಆ ಮಾತುಗಳನ್ನು ಕನ್ನಡಕ್ಕೆ ತಿದ್ದದೆ ಹಾಗೆಯೇ ಬಿಡಿ, ಕಿಟಕಿ ಬಂದಲ್ಲಿ ‘ಇಲ್ಲಿ ಮೂರು ಅಂಗುಲ ಕತ್ತರಿಸಿದೆ’ ಎಂದು ಬರೆಯಿರಿ.

ಫೆಬ್ರವರಿಯಲ್ಲಿ ಡಬ್ಬಿ ತುಂಬುವ ದಿನ ಆ ಹನ್ನೊಂದು ಏರ್‌ಗ್ರಾಫ್‌ಗಳ ಕಟ್ಟನ್ನು ಮಾತ್ರ ಹೊರಗಿಡಿ. ಅದನ್ನು ಎರಡು ರಟ್ಟುಗಳ ನಡುವೆ, ಒತ್ತದೆ, ಕಟ್ಟದೆ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಕಾಗದ ಮತ್ತು ಫೋಟೋ ಎರಡರಲ್ಲೂ ಕೆಲಸ ಮಾಡಿದ ಸಂರಕ್ಷಕರೊಬ್ಬರ ಬಳಿಗೆ ನೀವೇ ಕೈಯಲ್ಲಿ ಹಿಡಿದು ತನ್ನಿ. ಅಂಚೆಯಲ್ಲಿ ಕಳಿಸಬೇಡಿ. ಹನ್ನೊಂದೂ ಬಿಡಿಯಾಗುತ್ತವೆಂದು ಯಾರೂ ಮಾತು ಕೊಡಲಾರರು. ಹೊರಗಿನ ಎರಡು ಉಳಿಯುವ ಸಾಧ್ಯತೆ ಹೆಚ್ಚು, ನಡುವಿನವು ಎಷ್ಟು ತೇವ ಕುಡಿದಿವೆ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಹೇಳಬೇಕು.